ಚಾಕೊಲೇಟ್ ಎಸ್ಪ್ರೆಸೊ ಕುಕಿಯ ಬದಲಿ ಸಾಮಗ್ರಿಗಳು ಹಾಗೂ ಮೂಗಿನ ವಿಷಯದಲ್ಲಿ ಪಾಲಿಸಬೇಕಾದ ಮೌನ

ಅಡುಗೆಮನೆ ಇಲಾಖೆ (ಪ್ರಭಾರ)
ಕಾರ್ಯಸ್ಥಳ: ಊಟದ ಮೇಜಿನ ಕಿಟಕಿ ಕಡೆಯ ತುದಿ

ಸುತ್ತೋಲೆ ಸಂಖ್ಯೆ: ಅಮಇ/ಕುಕಿ/ಬದಲಿ/04
ದಿನಾಂಕ: ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ವಿಷಯ: ಚಾಕೊಲೇಟ್ ಎಸ್ಪ್ರೆಸೊ ಕುಕಿ ತಯಾರಿಕೆಯಲ್ಲಿ ಅಂಗಡಿಗಳಲ್ಲಿ ಸಿಗದ ಸಾಮಗ್ರಿಗಳಿಗೆ ಬದಲಾಗಿ ಬೇರೆ ಸಾಮಗ್ರಿ ಬಳಸುವ ಬಗ್ಗೆ, ಬಳಸಿದ್ದರಿಂದ ಈಗಾಗಲೇ ಆಗಿರುವ ಹಾನಿಯ ಬಗ್ಗೆ, ಹಾಗೂ ಮನೆಯೊಡತಿಯವರ ಮೂಗಿನ ವಿಷಯದಲ್ಲಿ ಸಕಲರೂ ಬಾಯಿ ಮುಚ್ಚಿಕೊಂಡಿರುವ ಬಗ್ಗೆ.

ಉಲ್ಲೇಖ:
1) ಈ ಇಲಾಖೆಯ ಸುತ್ತೋಲೆ 01, 02 ಮತ್ತು 03 (ಮೂರನ್ನೂ ಹಿಂಪಡೆಯಲಾಗಿದೆ).
2) ಅಡುಗೆಮನೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿರುವ, ಮನೆಯೊಡತಿಯವರ ಕೈಬರಹದ ತಯಾರಿಕಾ ವಿಧಾನ.
3) ಕಿವಿ, ಮೂಗು, ಗಂಟಲಿನ ವೈದ್ಯರ ಮೌಖಿಕ ಸಲಹೆ.
4) ಅತ್ತೆಯವರ ಮೌಖಿಕ ದೂರು (ಇನ್ನೂ ಮುಂದುವರಿದಿದೆ).

ಪೀಠಿಕೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಮನೆಯ ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ, ಮನೆಯೊಡತಿಯವರು ಹಲವು ವರ್ಷಗಳಿಂದ ಅಡುಗೆಮನೆಯ ದೊಡ್ಡ ಓವನ್ನಿನಲ್ಲಿ ಕುಕಿ ಬೇಯಿಸಿ ಸುತ್ತಲಿನ ಬೀದಿಗಳ ಅಂಗಡಿಗಳಿಗೆ ಪೂರೈಸುತ್ತಿದ್ದರು. ಅವರ ಚಾಕೊಲೇಟ್ ಎಸ್ಪ್ರೆಸೊ ಕುಕಿಗೆ ಜನ ಮುಗಿಬೀಳುತ್ತಿದ್ದರು ಎಂಬುದು ನಿರ್ವಿವಾದ ಸಂಗತಿ. ಕಳೆದ ಚಳಿಗಾಲದಲ್ಲಿ ಅವರಿಗೆ ಜ್ವರ ಬಂದು, ಜ್ವರದ ಜೊತೆಗೆ ವಾಸನೆ ಹಿಡಿಯುವ ಶಕ್ತಿಯೂ ಹೋಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಅವರು ಗಡಿಯಾರ ನೋಡಿ ಕುಕಿ ಬೇಯಿಸಿದವರೇ ಅಲ್ಲ. ಮೂಗು ಹೇಳಿದಾಗ ತಟ್ಟೆ ತೆಗೆದವರು. ಮೂಗು ಸುಮ್ಮನಾದ ಮೇಲೆ ಎರಡು ತಟ್ಟೆ ಕುಕಿ ಇದ್ದಿಲಾಯಿತು. ಅಂದೇ ಅವರು ಓವನ್ನಿನ ಮೇಲೆ ಹಳೆಯ ಮಂಚದ ಹೊದಿಕೆಯೊಂದನ್ನು ಹೊದಿಸಿ, ಮೂಲೆಯ ಬೇಕರಿಯವರಿಗೆ ಅದನ್ನು ಕೊಂಡೊಯ್ಯುವಂತೆ ಹೇಳಿ ಕಳುಹಿಸಿದರು. ಬೇಕರಿಯವರು ನಾಳೆ ಸೋಮವಾರ ಬೆಳಿಗ್ಗೆ ಗಾಡಿ ತರುವುದಾಗಿ ತಿಳಿಸಿರುತ್ತಾರೆ.

ಉಲ್ಲೇಖ (3)ರ ವೈದ್ಯರ ಸಲಹೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಬರಬಹುದು, ಬರದೇನೂ ಇರಬಹುದು. ಅವರಿಗೆ ಅಭ್ಯಾಸ ಇರೋ ವಾಸನೆಗಳು ಮನೇಲಿ ಓಡಾಡ್ತಾ ಇರಲಿ. ಆದ್ರೆ ಬಂತಾ, ಬಂತಾ ಅಂತ ಅವರ ಪ್ರಾಣ ತಿನ್ನಬೇಡಿ."

ಈ ಮನೆಗೆ ಅಭ್ಯಾಸವಿರುವ ವಾಸನೆ ಒಂದೇ. ಅದು ಬೇಯುವ ಚಾಕೊಲೇಟಿನದು, ಕಾಫಿಯದು. ಅದು ಬರಬೇಕಾದರೆ ಯಾರಾದರೂ ಕುಕಿ ಮಾಡಬೇಕು. ಆದುದರಿಂದ ಕೆಳಗೆ ಸಹಿ ಮಾಡಿರುವವರು (ಇನ್ನು ಮುಂದೆ "ಸದರಿ ಅಧಿಕಾರಿ" ಎಂದು ಕರೆಯಲಾಗುವುದು, ಮನೆಯೊಳಗೆ ಗಂಡ, ಅಪ್ಪ, ಅಳಿಯ ಎಂದು ಸಂದರ್ಭಾನುಸಾರ ಕರೆಯಲಾಗುತ್ತದೆ), ಒಲೆಯ ಮೇಲೆ ನೀರು ಕಾಯಿಸಿದ್ದನ್ನು ಬಿಟ್ಟರೆ ಬೇರಾವ ಅನುಭವವೂ ಇಲ್ಲದಿದ್ದಾಗ್ಯೂ, ಅಡುಗೆಮನೆಯ ಪ್ರಭಾರವನ್ನು ಸ್ವತಃ ವಹಿಸಿಕೊಂಡಿರುತ್ತಾರೆ. ಅವರಿಗೆ ಯಾರೂ ವಹಿಸಿರುವುದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಸುತ್ತೋಲೆ ಏಕೆ ಎಂದು ಮಗಳು ಆಕ್ಷೇಪಣೆ ಎತ್ತಿದ್ದಳು. ಅದಕ್ಕೆ ಮನೆಯೊಡತಿಯವರೇ ಉತ್ತರ ನೀಡಿದ್ದಾರೆ: "ನಿಮ್ಮಪ್ಪಂಗೆ ಹೆದರಿಕೆ ಆದಾಗ ಸುತ್ತೋಲೆ ಬರೀತಾರೆ ಕಣೇ, ಬಿಡು." ಸದರಿ ವಿವರಣೆಯನ್ನು ಇಲಾಖೆಯು ನಿರಾಕರಿಸುವುದಿಲ್ಲ. ಆಫೀಸಿನಲ್ಲಿ ಶಾಖೆಯ ಅಧೀಕ್ಷಕರಾಗಿ ತಲೆ ಬೆಳ್ಳಗಾಗುವವರೆಗೆ ದುಡಿದಿರುವ ಅಧಿಕಾರಿಗೆ ಹೆದರಿಕೆಯನ್ನು ಹೇಳಿಕೊಳ್ಳಲು ಬೇರೆ ಭಾಷೆ ಬರುವುದಿಲ್ಲ. ಹೆದರಿಕೆ ಇರುವುದು ನಿಜ.

ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ ಈ ಕೆಳಕಂಡಂತೆ ಸೂಚನೆಗಳನ್ನು ಹೊರಡಿಸಲಾಗಿದೆ.

1. ಎಸ್ಪ್ರೆಸೊ ಪುಡಿ: ಸದರಿ ಕಡು ಕಾಫಿಯ ಪುಡಿಯನ್ನು ಮನೆಯೊಡತಿಯವರು ಎಲ್ಲಿಂದ ತರಿಸುತ್ತಿದ್ದರು ಎಂದು ಅವರನ್ನೇ ಕೇಳಬಹುದಾಗಿತ್ತು. ಕೇಳಿದರೆ ವಿಷಯ ಮೂಗಿನತ್ತ ತಿರುಗೀತೆಂದು ಕೇಳಿರುವುದಿಲ್ಲ. ಕಿರಾಣಿ ಅಂಗಡಿಯವರನ್ನು ವಿಚಾರಿಸಲಾಗಿ, "ಎಸ್ಪ್ರೆಸೊನಾ? ಅದು ಮಿಷಿನ್ ಅಲ್ವಾ ಸಾರ್, ನಮ್ಮತ್ರ ಇಲ್ಲ" ಎಂದು ತಿಳಿಸಿರುತ್ತಾರೆ. ಆದ್ದರಿಂದ ಮೊದಲ ತಟ್ಟೆಗೆ ಹುರಿದ ಕಾಫಿ ಬೀಜವನ್ನು ಕುಟ್ಟಿ ಹಾಕಲಾಯಿತು. ಕುಟ್ಟಿದ್ದು ಸಾಲಲಿಲ್ಲ. ಪರಿಣಾಮವಾಗಿ ಅತ್ತೆಯವರ ಹಲ್ಲಿನ ಸೆಟ್ಟಿನಿಂದ ಒಂದು ಹಲ್ಲು ಕುಕಿಗೆ ವರ್ಗಾವಣೆಗೊಂಡಿತು. "ಅಳಿಯಂದಿರೇ, ಇದನ್ನ ತಿನ್ನೋಕೆ ಮಾಡಿದ್ರಾ, ಗೋಡೆ ಕಟ್ಟೋಕೆ ಮಾಡಿದ್ರಾ?" ಎಂದು ಅತ್ತೆಯವರು ವಿವರಣೆ ಕೋರಿದ್ದಾರೆ. ಹಲ್ಲನ್ನು ತೊಳೆದು ಹಿಂದಿರುಗಿಸಲಾಗಿದೆ. ಸ್ವೀಕೃತಿ ಬಂದಿಲ್ಲ. ಇನ್ನು ಮುಂದೆ ಬಿಸಿನೀರಿಗೆ ಹಾಕಿದರೆ ಕರಗುವ ಮಾಮೂಲಿ ಕಾಫಿ ಪುಡಿಯನ್ನು, ಒಂದು ಚಮಚ ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಾಕತಕ್ಕದ್ದು. ಈ ಕಲಸಿದ್ದನ್ನು ಯಾರೂ ನೆಕ್ಕತಕ್ಕದ್ದಲ್ಲ. ನೆಕ್ಕಿದ ಅಧಿಕಾರಿಗೆ ಆ ದಿನ ನಿದ್ದೆ ಬಂದಿರುವುದಿಲ್ಲ.

2. ಕೋಕೋ ಪುಡಿ: ಕೋಕೋ ಪುಡಿಯ ಡಬ್ಬ ಖಾಲಿಯಿದ್ದುದರಿಂದ, ಮಕ್ಕಳು ಹಾಲಿಗೆ ಬೆರೆಸಿಕೊಳ್ಳುವ ಕಂದುಬಣ್ಣದ ಪುಡಿಯನ್ನು ಬಳಸಲಾಗಿತ್ತು. ಎರಡೂ ಒಂದೇ ಬಣ್ಣದವು ಎಂಬುದೊಂದೇ ಈ ನಿರ್ಧಾರಕ್ಕೆ ಆಧಾರ. ಡಬ್ಬದ ಮೇಲಿನ ಹೇಳಿಕೆಯಂತೆ ಯಾರೂ ಎತ್ತರ ಬೆಳೆಯಲಿಲ್ಲ, ಕುಕಿಯೂ ಉಬ್ಬಲಿಲ್ಲ. ಸದರಿ ಬದಲಿಯನ್ನು ರದ್ದುಪಡಿಸಿದೆ.

3. ಕಂದು ಸಕ್ಕರೆ: ಬಿಳಿ ಸಕ್ಕರೆಗೆ ಬೆಲ್ಲ ತುರಿದು ಸೇರಿಸತಕ್ಕದ್ದು. ಇದು ಮಗಳ ಸಲಹೆ, ಮತ್ತು ಇಡೀ ಸುತ್ತೋಲೆಯಲ್ಲಿ ಯಶಸ್ವಿಯಾದ ಏಕೈಕ ಬದಲಿ. ಆದರೆ ಬೆಲ್ಲ ತುರಿದು ಮುಚ್ಚಳ ಹಾಕದೆ ಸುತ್ತೋಲೆ 03ನ್ನು ಬರೆಯಲು ಹೋದ ಅವಧಿಯಲ್ಲಿ ಇರುವೆಗಳು ಮುತ್ತಿಗೆ ಹಾಕಿದವು. ಇರುವೆಗಳನ್ನು ಸಾಮಗ್ರಿಯೆಂದು ಪರಿಗಣಿಸತಕ್ಕದ್ದಲ್ಲ. ಎರಡನೇ ತಟ್ಟೆಯ ರುಚಿ ನೋಡಿದವರು ಈ ಬಗ್ಗೆ ಹೆಚ್ಚಿನ ವಿಚಾರಣೆ ಮಾಡದಿರುವುದು ಅವರ ಹಿತದೃಷ್ಟಿಯಿಂದ ಒಳ್ಳೆಯದು.

4. ಉಪ್ಪಿಲ್ಲದ ಬೆಣ್ಣೆ: ಅಂಗಡಿಯಲ್ಲಿ ಉಪ್ಪಿನ ಬೆಣ್ಣೆ ಮಾತ್ರ ಇತ್ತು. ಉಪ್ಪು ನೀರಿನಲ್ಲಿ ಕರಗುತ್ತದೆ ಎಂಬ ಶಾಲಾ ದಿನಗಳ ತಿಳಿವಳಿಕೆಯ ಮೇರೆಗೆ ಬೆಣ್ಣೆಯನ್ನು ನಲ್ಲಿಯ ಕೆಳಗೆ ತೊಳೆಯಲಾಯಿತು. ಸದರಿ ದಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ ಎಂಬ ಅಂಶವನ್ನು ಪರಿಶೀಲಿಸಿರಲಿಲ್ಲ. ಉಪ್ಪೂ ಹೋಯಿತು, ಬೆಣ್ಣೆಯೂ ಹೋಯಿತು. ಸಿಂಕಿನ ಕೊಳವೆ ಕಟ್ಟಿಕೊಂಡದ್ದನ್ನು ಬಿಡಿಸಲು ಬಂದ ನಲ್ಲಿ ರಿಪೇರಿಯವರು, ತಮ್ಮ ವೃತ್ತಿಜೀವನದಲ್ಲಿ ಇಷ್ಟು ಮೃದುವಾದ ಕಸವನ್ನು ಕಂಡಿರಲಿಲ್ಲವೆಂದು ಪ್ರಶಂಸಿಸಿದ್ದಾರೆ. ಇನ್ನು ಮುಂದೆ ಉಪ್ಪಿನ ಬೆಣ್ಣೆಯನ್ನೇ ಬಳಸಿ, ಬೇರೆ ಉಪ್ಪು ಹಾಕದೆ ಇರತಕ್ಕದ್ದು. ಇಷ್ಟು ಸರಳ ಉಪಾಯ ಹೊಳೆಯಲು ಮೂರು ತಟ್ಟೆ ಬೇಕಾಯಿತು.

5. ವೆನಿಲಾ: ಕಪಾಟಿನಲ್ಲಿ ವೆನಿಲಾ ಬಾಟಲಿಯ ಜಾಗದಲ್ಲಿ ಅನಾನಸ್ ಎಸೆನ್ಸ್ ಇತ್ತು. ಹನಿ ಹನಿಯಾಗಿ ಹಾಕಿದರೆ ಯಾರಿಗೂ ತಿಳಿಯದೆಂದು ಭಾವಿಸಲಾಗಿತ್ತು. ಮೆಟ್ಟಿಲು ಹತ್ತುತ್ತಿದ್ದ ಮೇಲಿನ ಮನೆಯವರಿಗೂ ತಿಳಿಯಿತು. ಇಷ್ಟು ತಿಂಗಳು ಕಾದು ಮರಳಿ ಬರುವ ಮೂಗಿಗೆ ಮೊದಲ ದಿನವೇ ಕಾಫಿಯೊಳಗಿನ ಅನಾನಸ್ಸನ್ನು ತೋರಿಸಿದರೆ, ಅದು ಬಂದ ದಾರಿಯಲ್ಲೇ ಹೊರಟುಹೋಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದ ವೆನಿಲಾ ಇಲ್ಲದಿದ್ದಲ್ಲಿ ವೆನಿಲಾ ಹಾಕತಕ್ಕದ್ದಲ್ಲ. ಇಲ್ಲದ್ದನ್ನು ಇಲ್ಲವೆಂದೇ ಬಿಡುವುದೂ ಒಂದು ಬದಲಿ ಎಂದು ಇಲಾಖೆ ಈಚೆಗೆ ಮನಗಂಡಿದೆ.

6. ಚಾಕೊಲೇಟ್ ಚೂರು: ಚೂರು ಸಿಗದಿದ್ದಲ್ಲಿ ಕಪ್ಪು ಚಾಕೊಲೇಟಿನ ದಪ್ಪ ಪಟ್ಟಿಯನ್ನು ಟವೆಲಿನಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯತಕ್ಕದ್ದು. ಒಡೆಯುವಾಗ ಹೆಬ್ಬೆರಳನ್ನು ಟವೆಲಿನಿಂದ ಹೊರಗಿಡತಕ್ಕದ್ದು. ತಂದ ಚಾಕೊಲೇಟಿಗೂ ಹಿಟ್ಟಿಗೆ ಬಿದ್ದ ಚಾಕೊಲೇಟಿಗೂ ಇರುವ ವ್ಯತ್ಯಾಸದ ಬಗ್ಗೆ ಮಗಳಿಂದ ಸಮಜಾಯಿಷಿ ಕೇಳಲಾಗಿದ್ದು, ಬಾಯಿ ತುಂಬಿದ್ದ ಕಾರಣ ಅವಳು ಉತ್ತರಿಸಿರುವುದಿಲ್ಲ.

7. ಬಟರ್ ಪೇಪರ್: ತಟ್ಟೆಗೆ ಹಾಸಲು ಬಟರ್ ಪೇಪರ್ ಸಿಗದೆ, ಸುತ್ತೋಲೆ 02ನ್ನು ತಿರುಗಿಸಿ ಹಾಸಿ ಬೆಣ್ಣೆ ಸವರಲಾಗಿತ್ತು. ತಿರುಗಿಸಿದ್ದು ಯಾವ ಕಡೆಗೆ ಎಂಬಲ್ಲಿ ಲೋಪವಾಗಿದೆ. ಪೆನ್ನಿನ ಶಾಯಿ ಬೆಣ್ಣೆಗಿಳಿದು, ಕುಕಿಗಳ ತಳದಲ್ಲಿ "ತಕ್ಕದ್ದಲ್ಲ" ಎಂಬ ಪದವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡಿಬಂತು. ಅತ್ತೆಯವರು ಕನ್ನಡಕ ಹಾಕಿಕೊಂಡು ಓದಿ, "ಸರಿಯಾಗೇ ಬರ್ದಿದೆ" ಎಂದು ತಟ್ಟೆ ಹಿಂದಕ್ಕೆ ತಳ್ಳಿದರು. ಇನ್ನು ಮುಂದೆ ತಟ್ಟೆಗೆ ಬೆಣ್ಣೆ ಸವರಿ ಮೈದಾ ಉದುರಿಸಿದರೆ ಸಾಕು.

8. ಮೂಗು: ಈ ಕಂಡಿಕೆಯನ್ನು ಅಕ್ಷರಶಃ ಪಾಲಿಸತಕ್ಕದ್ದು.

(ಅ) ಕುಕಿ ಬೇಯುತ್ತಿರುವಾಗ ಮನೆಯೊಡತಿಯವರ ಎದುರು ಯಾರೂ "ಆಹಾ, ಏನ್ ಘಮ್ ಅಂತಿದೆ" ಎನ್ನತಕ್ಕದ್ದಲ್ಲ. ತಡೆಯಲಾಗದಿದ್ದಲ್ಲಿ "ಬಣ್ಣ ಚೆನ್ನಾಗಿದೆ" ಅಥವಾ "ತಟ್ಟೆ ಬಿಸಿಯಿದೆ" ಎನ್ನಬಹುದು.

(ಆ) ಅವರ ಎದುರು ಯಾರೂ ಮೂಗು ಅರಳಿಸತಕ್ಕದ್ದಲ್ಲ, ಹುಬ್ಬು ಏರಿಸತಕ್ಕದ್ದಲ್ಲ, ಉದ್ದವಾಗಿ ಉಸಿರೆಳೆಯತಕ್ಕದ್ದಲ್ಲ. ಅತ್ತೆಯವರಿಗೆ ನೆಗಡಿಯಿರುವುದರಿಂದ ಸೀನಲು ವಿನಾಯಿತಿ ನೀಡಿದೆ.

(ಇ) "ಬಂತಾ?" ಎಂಬ ಪದವನ್ನು ಮನೆಯೊಳಗೆ ನಿಷೇಧಿಸಿದೆ. ನೀರು ಬಂತಾ, ಪೇಪರ್ ಬಂತಾ, ಬಸ್ಸು ಬಂತಾ ಎಂದೂ ಕೇಳತಕ್ಕದ್ದಲ್ಲ. ಹೋಗಿ ನೋಡಿಕೊಂಡು ಬರತಕ್ಕದ್ದು.

(ಈ) ಮೇಲಿನ ಎಲ್ಲ ನಿಯಮಗಳನ್ನು ಮೊದಲು ಉಲ್ಲಂಘಿಸಿದವರು ಸದರಿ ಅಧಿಕಾರಿಯೇ ಎಂಬುದನ್ನು ದಾಖಲಿಸಲಾಗಿದೆ. ಮೂರನೇ ತಟ್ಟೆಯ ದಿನ ಅವರು ಏನೋ ಹುಡುಕುವವರಂತೆ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ಬಿಸಿ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಪೇಪರಿನಿಂದ ಒಳಗಡೆಗೆ ಗಾಳಿ ಹಾಕುತ್ತಿದ್ದರು. ಮನೆಯೊಡತಿಯವರು ಬಟ್ಟೆ ಮಡಿಸುತ್ತಿದ್ದವರು ತಲೆ ಎತ್ತದೆ, "ರೀ, ಬೀಸಬೇಡಿ. ನೀವೇನ್ ಮಾಡ್ತಿದೀರಿ ಅಂತ ನಂಗೊತ್ತಾಗುತ್ತೆ" ಎಂದರು. ಆಮೇಲೆ ಪಾಪ ಅನಿಸಿ ಒಂದು ಕುಕಿ ತೆಗೆದುಕೊಂಡು, ಪೂರ್ತಿ ತಿಂದು, "ಸಿಹಿ ಇದೆ. ಅಷ್ಟು ಗೊತ್ತಾಗ್ತಿದೆ" ಎಂದರು. ಸದರಿ ಅಧಿಕಾರಿಯು ಹಿತ್ತಿಲ ನಲ್ಲಿಯ ಬಳಿಗೆ ಹೋಗಿ, ತೊಳೆಯಲು ಏನೂ ಇಲ್ಲದಿದ್ದರೂ ನಲ್ಲಿ ತಿರುಗಿಸಿಕೊಂಡು ಕೆಲಹೊತ್ತು ನಿಂತಿದ್ದರು. ತುಂಬ ಸಂಕಟವಾಗಿತ್ತು. ನೀರು ವ್ಯರ್ಥವಾದುದಕ್ಕೆ ವಿಷಾದಿಸಲಾಗಿದೆ.

9. ಬೇಯಿಸುವ ಅವಧಿ: ಉಲ್ಲೇಖ (2)ರಲ್ಲಿ ಎಲ್ಲ ಸಾಮಗ್ರಿಗಳ ಅಳತೆಯಿದೆ, ಓವನ್ನಿನ ಬಿಸಿ ಎಷ್ಟಿರಬೇಕೆಂದೂ ಇದೆ. ಆದರೆ ಎಷ್ಟು ಹೊತ್ತು ಎಂಬ ಜಾಗದಲ್ಲಿ "ವಾಸನೆ ತಿರುಗಿದ ಕೂಡಲೇ ತೆಗೆಯೋದು" ಎಂದಷ್ಟೇ ಬರೆದಿದೆ. ವಾಸನೆ ಯಾವ ಕಡೆಯಿಂದ ಯಾವ ಕಡೆಗೆ ತಿರುಗುತ್ತದೆ ಎಂದು ಮಗಳನ್ನು ಕೇಳಲಾಗಿ, "ಅದು ಅಮ್ಮಂಗೆ ಮಾತ್ರ ಗೊತ್ತಪ್ಪಾ. ಮೊದ್ಲು ಚಾಕೊಲೇಟ್ ಬರುತ್ತಂತೆ, ಆಮೇಲೆ ಕಾಫಿ ಮುಂದೆ ಬರುತ್ತಂತೆ, ಆಗ ತೆಗೀಬೇಕಂತೆ" ಎಂದು ತಿಳಿಸಿದ್ದಾಳೆ. ಸದರಿ ಅಧಿಕಾರಿಯ ಮೂಗು ಕಡತಗಳ ಧೂಳಿನಲ್ಲಿ ಸೇವೆ ಸಲ್ಲಿಸಿ ಬಂದದ್ದು. ಅದಕ್ಕೆ ಎರಡೂ ವಾಸನೆಗಳು ಒಟ್ಟಿಗೇ ಬರುತ್ತವೆ, ಒಟ್ಟಿಗೇ ಹೋಗುತ್ತವೆ. ಆದ ಕಾರಣ ಗಂಟೆ ಹೊಡೆಯುವ ಟೈಮರ್ ಒಂದನ್ನು ಓವನ್ನಿನ ಪಕ್ಕ ಇಡಲಾಗಿದೆ. ಗಂಟೆ ಹೊಡೆಯುವವರೆಗೆ ಓವನ್ನಿನ ಬಾಗಿಲನ್ನು ತೆರೆಯತಕ್ಕದ್ದಲ್ಲ. ಯಾವುದೇ ವ್ಯಕ್ತಿಯ ಮೌಖಿಕ ಹೇಳಿಕೆಯ ಮೇರೆಗೆ ಈ ನಿಯಮವನ್ನು ಸಡಿಲಿಸುವಂತಿಲ್ಲ. ಈ ಕಂಡಿಕೆಯನ್ನು ಬರೆಯುತ್ತಿರುವ ಹೊತ್ತಿಗೆ ನಾಲ್ಕನೇ ತಟ್ಟೆಯು ಓವನ್ನಿನೊಳಗಿದ್ದು, ಮಗಳು ಕಾವಲಿದ್ದಾಳೆ.

10. ಬೇಕರಿಯವರು: ನಾಳೆ ಬೇಕರಿಯವರು ಗಾಡಿಯೊಂದಿಗೆ ಬಂದಲ್ಲಿ, ಅವರನ್ನು ಒಮ್ಮೆಲೇ ಅಡುಗೆಮನೆಗೆ ಬಿಡತಕ್ಕದ್ದಲ್ಲ. ಮೊದಲು ಕೂರಿಸಿ ಕುಡಿಯಲು ಏನಾದರೂ ಕೊಡತಕ್ಕದ್ದು. ಅತ್ತೆಯವರು ತಮ್ಮ ಮೊಣಕಾಲು ನೋವಿನ ಇತಿಹಾಸವನ್ನು ಮೊದಲಿನಿಂದ ಹೇಳತಕ್ಕದ್ದು. ಹಾಗೂ ಅವರು ಎದ್ದು ನಿಂತಲ್ಲಿ, ಓವನ್ನಿನ ಒಳಗಿನ ತಂತಿ

(ಕಂಡಿಕೆ 10 ಇಲ್ಲಿಗೆ ನಿಂತಿದೆ. ಕಾರಣವನ್ನು ಕೆಳಗೆ ನಮೂದಿಸಲಾಗಿದೆ.)

11. ಘಟನಾ ವರದಿ: ಕಂಡಿಕೆ 10ನ್ನು ಬರೆಯುತ್ತಿದ್ದಾಗ, ಮಲಗುವ ಕೋಣೆಯಲ್ಲಿ ಅಡ್ಡಾಗಿದ್ದ ಮನೆಯೊಡತಿಯವರು, ಬಾಗಿಲು ಅರ್ಧ ಮುಚ್ಚಿದ್ದಂತೆಯೇ, ಒಳಗಿನಿಂದ "ರೀ, ಆಯ್ತು, ತೆಗೀರಿ" ಎಂದರು.

ಸದರಿ ಅಧಿಕಾರಿಯು ಪೆನ್ನು ಎತ್ತದೆ, ಕಂಡಿಕೆ 9ರತ್ತ ಅವರ ಗಮನ ಸೆಳೆಯುತ್ತಾ, "ಗಂಟೆ ಹೊಡೆದಿಲ್ಲ ಕಣೇ, ಇನ್ನೂ ಟೈಮಿದೆ" ಎಂದು ಉತ್ತರಿಸಿ ಮುಂದಿನ ಪದವನ್ನು ಬರೆದರು. ಆ ಪದ "ತಂತಿ".

ಒಳಗಿನಿಂದ ಎರಡನೇ ಬಾರಿ: "ಗಂಟೆ ಯಾಕ್ರೀ ಬೇಕು? ಆಗಿದೆ ಅಂತಿದೀನಲ್ಲ. ಇನ್ನು ಬಿಟ್ರೆ ಕಹಿಯಾಗುತ್ತೆ."

ಸದರಿ ಅಧಿಕಾರಿಗೆ ಆಗಲೂ ಹೊಳೆಯಲಿಲ್ಲ. ನಿಯಮ ಬರೆಯುವಾಗ ಅಡ್ಡಬಾಯಿ ಹಾಕಿದ್ದಕ್ಕೆ ಸ್ವಲ್ಪ ಸಿಟ್ಟೂ ಬಂದಿತ್ತು ಎಂಬುದನ್ನು ನಾಚಿಕೆಯಿಂದ ದಾಖಲಿಸಲಾಗಿದೆ. ಅಷ್ಟರಲ್ಲಿ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅಪ್ಪಾ," ಎಂದಳು, ಪಿಸುಮಾತಿನಲ್ಲಿ, "ಅಮ್ಮಂಗೆ ಹೇಗೆ ಗೊತ್ತಾಯ್ತು?"

ತಾನು ಏನು ಹೇಳಿದೆನೆಂಬುದು ಹೇಳಿದವರಿಗೂ ಆಗಷ್ಟೇ ಅರಿವಾಗಿತ್ತು ಎಂದು ಆಮೇಲೆ ತಿಳಿದುಬಂದಿದೆ.

ತದನಂತರ ಮನೆಯ ಸಮಸ್ತ ಸಿಬ್ಬಂದಿಯೂ ಕೋಣೆಯೊಳಕ್ಕೆ ನುಗ್ಗಿ ಕಂಡಿಕೆ 8ರ ಎಲ್ಲ ಉಪಕಂಡಿಕೆಗಳನ್ನು ಏಕಕಾಲಕ್ಕೆ ಉಲ್ಲಂಘಿಸಿದರು. "ಬಂತಾ?" ಎಂಬ ನಿಷೇಧಿತ ಪದವನ್ನು ಅತ್ತೆಯವರು ಎಷ್ಟು ಸಲ ಬಳಸಿದರು ಎಂದು ಲೆಕ್ಕವಿಡಲು ಸಾಧ್ಯವಾಗಿಲ್ಲ. ಮನೆಯೊಡತಿಯವರು ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಮೂಗಿನ ಮೇಲಿಟ್ಟುಕೊಂಡು, ಕೈ ತೆಗೆದರೆ ಹೊರಟುಹೋದೀತೇನೋ ಎಂಬಂತಿದ್ದರು. ಸ್ನಾನದ ಸಾಬೂನು ತಂದು ಹಿಡಿಯಲಾಯಿತು; ಇಲ್ಲ ಎಂದರು. ಕಿತ್ತಳೆ ಸಿಪ್ಪೆ ಹಿಡಿಯಲಾಯಿತು, ಇಲ್ಲ ಎಂದರು. "ಕಾಫಿ ಮಾತ್ರ. ಅದೂ ಎಲ್ಲೋ ದೂರದಲ್ಲಿ, ಪಕ್ಕದ ಮನೇಲಿ ಯಾರೋ ಮಾಡ್ತಿದಾರೆ ಅನ್ನೋ ಹಾಗೆ. ಆದ್ರೆ ಇದೆ ರೀ, ಇದೆ." ಸದರಿ ಅಧಿಕಾರಿಯು "ದಾಖಲಿಸಲಾಗಿದೆ" ಎಂದುಬಿಟ್ಟರು. ಮನೆಯೊಡತಿಯವರು ನಕ್ಕರು, ನಗುತ್ತಲೇ ಅತ್ತರು, ಮಗಳೂ ಅತ್ತಳು. ಅತ್ತೆಯವರು ನೆಗಡಿಯೆಂದು ಹೇಳಿಕೊಂಡಿದ್ದಾರೆ.

ಇದಾದ ಮೇಲೆ ಮನೆಯೊಡತಿಯವರು ತಲೆ ಎತ್ತಿ, "ಈಗ ಸೀದೂ ಹೋಯ್ತು ನೋಡಿ, ಎಲ್ಲಾ ಇಲ್ಲೇ ನಿಂತ್ಕೊಂಡ್ರೆ!" ಎಂದು ಗದರಿದರು. ಓಡಿಹೋಗಿ ನೋಡಲಾಗಿ, ನಾಲ್ಕನೇ ತಟ್ಟೆ ಸಂಪೂರ್ಣವಾಗಿ ಸೀದುಹೋಗಿತ್ತು. ಗಂಟೆ ಆಗ ಹೊಡೆಯಿತು.

12. ಪ್ರಭಾರ ಹಸ್ತಾಂತರ: ಮನೆಯೊಡತಿಯವರು ಅಡುಗೆಮನೆಗೆ ಬಂದು, ಸೀದ ಕುಕಿಯೊಂದನ್ನು ಮುರಿದು ಮೂಗಿನ ಹತ್ತಿರ ಹಿಡಿದು ನೋಡಿದರು. ಮಿಕ್ಕಿದ್ದ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಹಿಟ್ಟಾ ರೀ? ಕಾಫಿ ಇಷ್ಟು ಹಾಕ್ತಾರಾ? ಏಳಿ ಅಲ್ಲಿಂದ" ಎಂದರು. ಏಪ್ರನ್ ಕಟ್ಟಿಕೊಂಡರು. ಸದರಿ ಅಧಿಕಾರಿಯು ಕಾಫಿ ಜಾಸ್ತಿಯಾದದ್ದೇ ಒಳ್ಳೆಯದಾಯಿತೆಂದು ವಾದಿಸಹೊರಟವರು, ಎದ್ದು ಜಾಗ ಬಿಟ್ಟುಕೊಟ್ಟರು. ಆದುದರಿಂದ ಈ ಕ್ಷಣದಿಂದ ಅನ್ವಯವಾಗುವಂತೆ ಅಡುಗೆಮನೆಯ ಪ್ರಭಾರದಿಂದ ಸದರಿ ಅಧಿಕಾರಿಯನ್ನು ಬಿಡುಗಡೆಗೊಳಿಸಿ, ಕಂಡಿಕೆ 1ರಿಂದ 10ರವರೆಗಿನ ಎಲ್ಲ ಸೂಚನೆಗಳನ್ನು ರದ್ದುಪಡಿಸಿದೆ. ಬೆಲ್ಲ ತುರಿದು ಹಾಕುವುದನ್ನು ಮಾತ್ರ ಮನೆಯೊಡತಿಯವರು ಒಪ್ಪಿರುತ್ತಾರೆ. ಐದನೇ ತಟ್ಟೆಯನ್ನು ಯಾವಾಗ ತೆಗೆಯಬೇಕೆಂಬ ಬಗ್ಗೆ ಇಲಾಖೆಯು ಯಾವುದೇ ಅಭಿಪ್ರಾಯ ಹೊಂದಿರುವುದಿಲ್ಲ.

ಸಹಿ/-
(ಬಿಡುಗಡೆ ಹೊಂದಿರುವ ಪ್ರಭಾರ ಅಧಿಕಾರಿ)
ಹಾಲಿ ಹುದ್ದೆ: ಸೀದ ತಟ್ಟೆ ತಿಕ್ಕುವುದು

ಪ್ರತಿಗಳು:

1. ಬೇಕರಿಯವರಿಗೆ: ನಾಳೆ ಗಾಡಿ ತರಬೇಕಾಗಿಲ್ಲ. ಬಂದೇ ಬರುವುದಾದರೆ ಕುಕಿ ತಿಂದು, ಖಾಲಿ ಗಾಡಿ ತಳ್ಳಿಕೊಂಡು ಹೋಗುವ ಮನಸ್ಸು ಮಾಡಿ ಬರುವುದು.

2. ಕಿರಾಣಿ ಅಂಗಡಿಯವರಿಗೆ: ಕಾಫಿ ಪುಡಿಯ ದೊಡ್ಡ ಬಾಟಲಿಗಳು ಎಷ್ಟಿವೆಯೋ ಅಷ್ಟನ್ನೂ ತೆಗೆದಿಡಲು ಕೋರಿ.

3. ವೈದ್ಯರಿಗೆ: ಮಾಹಿತಿಗಾಗಿ. ವಾಸನೆ ಬಂತಾ ಎಂದು ಈ ಇಲಾಖೆ ಮೊದಲು ಕೇಳಿರುವುದಿಲ್ಲ, ಮನೆಯೊಡತಿಯವರೇ ಹೇಳಿದ್ದು.

4. ಅತ್ತೆಯವರಿಗೆ: ದೊಡ್ಡ ಅಕ್ಷರಗಳಲ್ಲಿ.

5. ಮೇಲಿನ ಮನೆಯವರಿಗೆ: ಸೀದ ಹೊಗೆಗೆ ಕ್ಷಮೆ ಕೋರಿ. ಬೆಂಕಿಯಲ್ಲ, ಸಂತೋಷ.

6. ಮಗಳಿಗೆ: ಮೊದಲು ಅರ್ಥ ಮಾಡಿಕೊಂಡವಳು ಅವಳೇ ಎಂಬುದನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು.

7. ಮನೆಯೊಡತಿಯವರಿಗೆ: ಖುದ್ದಾಗಿ ಕೊಡಲು ಹೋದಾಗ, "ಕೈಯೆಲ್ಲ ಹಿಟ್ಟು ರೀ, ನೀವೇ ಓದಿ" ಎಂದರು. ಸದರಿ ಅಧಿಕಾರಿಯು ವಿಷಯದ ಸಾಲಿನವರೆಗೆ ಓದಿ ಕಾಗದವನ್ನು ಮಗಳ ಕೈಗಿತ್ತರು, ಉಳಿದದ್ದನ್ನು ಅವಳು ಓದಿದಳು.